ಅವ್ವನ ಕೈ ಜೋಮು: ಕುತ್ತಿಗೆ ಎಂಆರ್‌ಐ ಆಗಿದೆ, ಈಗ ಎನ್‌ಸಿವಿ, ಇಎಂಜಿ ಅನ್ನುವ ನರದ ಟೆಸ್ಟ್ ಮಾಡಿಸಿ ಅಂತಿದ್ದಾರೆ. ನಿಜವಾಗಿ ಬೇಕಾ?

ಮಗ್ಗದ ಮನೆ (ಇಳಕಲ್)

ಎಲ್ಲರಿಗೂ ನಮಸ್ಕಾರ ರೀ. ನಮ್ಮ ಅವ್ವಗೆ 54 ವರ್ಷ. ಮೊದಲಿನಿಂದಲೂ ಕೈಮಗ್ಗದಲ್ಲಿ ಸೀರೆ ನೇಯುತ್ತಾಳೆ, ಮನೆಮಂದಿಗೆಲ್ಲ ಜೋಳದ ರೊಟ್ಟಿ ಬಡಿಯುವವಳೂ ಅವಳೇ. ಒಂದು ವರ್ಷದಿಂದ ಬಲಗೈಗೆ ಜೋಮು ಹಿಡಿಯುತ್ತಿದೆ. ಹಗಲಿಗಿಂತ ರಾತ್ರಿ ಜಾಸ್ತಿ. ನಿದ್ದೆಯಿಂದ ಎದ್ದು ಕೂತು ಕೈ ಝಾಡಿಸುತ್ತಾಳೆ, ಆಮೇಲೆ ಸ್ವಲ್ಪ ಹಗುರ ಅನಿಸುತ್ತದಂತೆ. ಈಗೀಗ ಸೆರಗಿಗೆ ಎಳೆ ಜೋಡಿಸುವಾಗ ಎಳೆ ಬೆರಳಿಗೆ ಸಿಗುವುದೇ ಇಲ್ಲ ಅಂತಾಳೆ. ಎಡಗೈಗೂ ಸ್ವಲ್ಪ ಶುರುವಾಗಿದೆ. ಕುತ್ತಿಗೆ ನೋವೂ ಇದೆ, ಸಕ್ಕರೆ ಕಾಯಿಲೆಯೂ ಇದೆ, ಅದಕ್ಕೆ ಗುಳಿಗೆ ನಡೆದಿದೆ.

ಒಬ್ಬ ಡಾಕ್ಟರ್ ಕುತ್ತಿಗೆ ಎಂಆರ್‌ಐ ಮಾಡಿಸಿದರು. ಡಿಸ್ಕ್ ಉಬ್ಬಿದೆ, ನರ ಒತ್ತುತ್ತಿದೆ, ಮುಂದೆ ಆಪರೇಷನ್ ಬೇಕಾಗಬಹುದು ಅಂದರು. ನಾವು ಹೆದರಿ ಬೆಳಗಾವಿಯಲ್ಲಿ ಒಬ್ಬ ನರರೋಗ ತಜ್ಞರಿಗೆ ತೋರಿಸಿದೆವು. ಅವರು ಒಂದೊಂದೇ ಬೆರಳು ಮುಟ್ಟಿ ಕೇಳಿದರು, ಮಣಿಕಟ್ಟಿನ ಮೇಲೆ ತಟ್ಟಿ ನೋಡಿದರು, ಮೊದಲು ಎನ್‌ಸಿವಿ ಮತ್ತು ಇಎಂಜಿ ಮಾಡಿಸಿಕೊಂಡು ಬನ್ನಿ, ಆಪರೇಷನ್ ಮಾತು ಆಮೇಲೆ ಅಂದರು.

ಅಷ್ಟು ದುಡ್ಡು ಕೊಟ್ಟು ಎಂಆರ್‌ಐ ಮಾಡಿಸಿದ ಮೇಲೆ ಮತ್ತೆ ಇದು ಯಾಕೆ? ಎಂಆರ್‌ಐಯಲ್ಲಿ ಕಾಣದ್ದು ಇದರಲ್ಲಿ ಏನು ಕಾಣುತ್ತದೆ? ಕರೆಂಟ್ ಕೊಡ್ತಾರೆ, ಸೂಜಿ ಚುಚ್ತಾರೆ ಅಂತ ಓಣಿಯವರು ಹೇಳಿ ಅವ್ವ ಒಲ್ಲೆ ಅಂತ ಕೂತಿದ್ದಾಳೆ. ಮಾಡಿಸಿದವರು, ಗೊತ್ತಿದ್ದವರು ದಯವಿಟ್ಟು ಹೇಳಿ.

ನರದ ಜಾಡು (ಬೆಳಗಾವಿ)

ನಾನು ಈ ಟೆಸ್ಟ್ ಮಾಡುವ ಲ್ಯಾಬಿನಲ್ಲೇ ಟೆಕ್ನಿಷಿಯನ್. ರೋಗ ಇಂಥದ್ದೇ ಅಂತ ಹೇಳುವುದು ಡಾಕ್ಟರ್ ಕೆಲಸ, ನಾನು ಹೇಳುವುದಿಲ್ಲ. ಆದರೆ ಅಲ್ಲಿ ಏನು ನಡೆಯುತ್ತದೆ ಅನ್ನುವುದನ್ನು ಪೂರ್ತಿ ಹೇಳಬಲ್ಲೆ. ಅದು ಗೊತ್ತಾದರೆ ನಿಮ್ಮ ಅವ್ವನವರ ಹೆದರಿಕೆ ಅರ್ಧ ಇಳಿಯುತ್ತದೆ.

ಎಂಆರ್‌ಐ ಚಿತ್ರ ತೋರಿಸುತ್ತದೆ. ನರ ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ಆ ಚಿತ್ರ ಹೇಳುವುದಿಲ್ಲ. ಐವತ್ತು ದಾಟಿದವರ ಕುತ್ತಿಗೆ ಎಂಆರ್‌ಐ ತೆಗೆದರೆ, ಏನೂ ತೊಂದರೆ ಇಲ್ಲದವರಲ್ಲೂ ಡಿಸ್ಕ್ ಉಬ್ಬಿರುವುದು ಕಾಣುತ್ತದೆ. ಹಾಗಾಗಿ ಉಬ್ಬಿದ ಡಿಸ್ಕೇ ಕೈ ಜೋಮಿಗೆ ಕಾರಣ ಅಂತ ಚಿತ್ರ ಒಂದನ್ನೇ ನೋಡಿ ಹೇಳೋಕಾಗಲ್ಲ.

ಎನ್‌ಸಿವಿಯಲ್ಲಿ ನಾವು ಅಳೆಯುವುದು ನರದಲ್ಲಿ ಸಂದೇಶ ಹೋಗುವ ವೇಗ. ಹೆಬ್ಬೆರಳಿನ ಬುಡದ ಸ್ನಾಯುವಿನ ಮೇಲೆ ಒಂದು ಎಲೆಕ್ಟ್ರೋಡ್ ಅಂಟಿಸುತ್ತೇವೆ. ಮಣಿಕಟ್ಟಿನಲ್ಲಿ ನರದ ಮೇಲೆ ಸಣ್ಣ ಕರೆಂಟ್ ಕೊಡುತ್ತೇವೆ. ಹೆಬ್ಬೆರಳು ಟಪ್ ಅಂತ ಅಲುಗುತ್ತದೆ. ಕರೆಂಟ್ ಕೊಟ್ಟ ಗಳಿಗೆಯಿಂದ ಸ್ನಾಯು ಉತ್ತರ ಕೊಡುವವರೆಗೆ ಎಷ್ಟು ಮಿಲಿಸೆಕೆಂಡ್ ಆಯಿತು ಅಂತ ಯಂತ್ರ ತೋರಿಸುತ್ತದೆ. ಆಮೇಲೆ ಮೊಣಕೈ ಹತ್ತಿರ ಅದೇ ನರಕ್ಕೆ ಇನ್ನೊಮ್ಮೆ. ಎರಡು ಜಾಗದ ನಡುವೆ ಟೇಪ್ ಹಿಡಿದು ಅಳೆಯುತ್ತೇವೆ. ದೂರವನ್ನು ಸಮಯದ ವ್ಯತ್ಯಾಸದಿಂದ ಭಾಗಿಸಿದರೆ ವೇಗ ಬಂತು, ಅಷ್ಟೇ. ಕೈಯಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 50 ಮೀಟರ್‌ಗಿಂತ ಜಾಸ್ತಿ ಇರಬೇಕು, ಕಾಲಿನಲ್ಲಿ 40ಕ್ಕಿಂತ ಜಾಸ್ತಿ. ಒಂದೊಂದು ಶಾಕ್ ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದೆರಡು ಪಾಲು ಹೊತ್ತು ಮಾತ್ರ ಇರುತ್ತದೆ. ಚುರುಕ್ ಅನ್ನುತ್ತದೆ, ಅಭ್ಯಾಸ ಇಲ್ಲದವರು ಮೊದಲ ಸಲ ಬೆಚ್ಚುತ್ತಾರೆ. ಅದಾದ ಮೇಲೆ ಬಹಳ ಜನ "ಇಷ್ಟೇನಾ?" ಅಂತ ಕೇಳುತ್ತಾರೆ.

ಇಎಂಜಿ ಬೇರೆ. ಅದರಲ್ಲಿ ತೆಳು ಸೂಜಿಯನ್ನು ಸ್ನಾಯುವಿನೊಳಗೆ ಇಡುತ್ತಾರೆ. ಆ ಸೂಜಿಯಿಂದ ಕರೆಂಟ್ ಹೋಗುವುದಿಲ್ಲ, ಸ್ನಾಯು ತಾನೇ ಹುಟ್ಟಿಸುವ ವಿದ್ಯುತ್ತನ್ನು ಅದು ಹಿಡಿಯುತ್ತದೆ. ಸ್ಪೀಕರ್‌ನಲ್ಲಿ ಸದ್ದೂ ಕೇಳುತ್ತದೆ. ಸುಮ್ನೆ ಬಿಟ್ಟ ಆರೋಗ್ಯವಂತ ಸ್ನಾಯು ಮೌನವಾಗಿರುತ್ತದೆ. ನರ ಕಳೆದುಕೊಂಡ ಸ್ನಾಯು ಬಿಟ್ಟಾಗಲೂ ಸದ್ದು ಮಾಡುತ್ತಲೇ ಇರುತ್ತದೆ, ತಗಡಿನ ಮೇಲೆ ಮಳೆಹನಿ ಬಿದ್ದ ಹಾಗೆ. ನಮ್ಮಲ್ಲಿ ಡಾಕ್ಟರ್ ಎಷ್ಟೋ ಸಲ ಪರದೆ ನೋಡುವ ಮೊದಲೇ ಕಿವಿಯಿಂದ ಗುರುತು ಹಿಡಿಯುತ್ತಾರೆ. ಸೂಜಿ ಒಬ್ಬರಿಗೆ ಒಂದೇ, ಪ್ಯಾಕೆಟ್ ನಿಮ್ಮ ಮುಂದೆಯೇ ಒಡೆಯಲು ಹೇಳಿ. ಚುಚ್ಚಿದ ಜಾಗ ಮರುದಿನ ಸ್ವಲ್ಪ ನೋಯಬಹುದು.

ಬರುವ ಮುಂಚೆ ಕೈಗೆ ಎಣ್ಣೆ, ಕ್ರೀಮ್ ಹಚ್ಚಬೇಡಿ. ಉಂಗುರ, ಲೋಹದ ಬಳೆ ತೆಗೆದಿಡಿ. ರಕ್ತ ತೆಳುವಾಗಿಸುವ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಅಥವಾ ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ. ಊಟ ಮಾಡಿಕೊಂಡೇ ಬನ್ನಿ. ಇನ್ನೊಂದು ಮಾತು, ಇದನ್ನು ಬಹಳ ಕಡೆ ಅಲಕ್ಷ್ಯ ಮಾಡುತ್ತಾರೆ. ಕೈ ತಣ್ಣಗಿದ್ದರೆ ನರದ ವೇಗ ತಾನಾಗಿಯೇ ಇಳಿಯುತ್ತದೆ, ಒಂದು ಡಿಗ್ರಿಗೆ ಸುಮಾರು 2 ಮೀಟರ್. ಡಿಸೆಂಬರ್, ಜನವರಿಯಲ್ಲಿ ನಮ್ಮ ಬೆಳಗಾವಿಯ ಚಳಿ ಗೊತ್ತಲ್ಲ, ಬೆಳಗಿನ ಬಸ್ಸಿಗೆ ಬಂದವರ ಕೈ ಕೊರೆಯುತ್ತಿರುತ್ತದೆ. ಚರ್ಮ 32 ಡಿಗ್ರಿ ಹತ್ತಿರ ಬರುವವರೆಗೆ ಕೈ ಬೆಚ್ಚಗೆ ಮಾಡಿ ಆಮೇಲೆ ಅಳೆಯಬೇಕು. ಹಾಗೆ ಮಾಡದಿದ್ದರೆ ಒಳ್ಳೆಯ ನರವೂ ರಿಪೋರ್ಟಿನಲ್ಲಿ ಕೆಟ್ಟಂತೆ ಕಾಣುತ್ತದೆ.

ಕೃಷ್ಣೆ ದಂಡೆಯವ (ಜಮಖಂಡಿ)

ಮೇಲಿನ ಅಕ್ಕ ಅಥವಾ ಅಣ್ಣ ಬಹಳ ಚೆನ್ನಾಗಿ ಬರೆದಿದ್ದೀರಿ. ನಾನು ಒಂದು ಮಾತು ಸೇರಿಸುತ್ತೇನೆ. ಈ ಟೆಸ್ಟ್ ಯಾವಾಗ ಮಾಡಿದರು ಅನ್ನುವುದೂ ಅಷ್ಟೇ ಮುಖ್ಯ.

ನಮ್ಮ ಕಾಕಾಗೆ ವಾಂತಿಭೇದಿ ಆಗಿ ವಾಸಿಯಾದ ಸ್ವಲ್ಪ ದಿನಕ್ಕೆ ಕಾಲು ಸೋಲಲು ಶುರುವಾಯಿತು. ಕಬ್ಬಿನ ಗದ್ದೆಯಿಂದ ನಡೆದು ಬಂದ ಮನುಷ್ಯ ಮರುದಿನ ಕಟ್ಟೆ ಹತ್ತಲಾರದೆ ಕೂತ. ಒಂದು ಆಸ್ಪತ್ರೆಯಲ್ಲಿ ಎನ್‌ಸಿವಿ ಮಾಡಿ "ನಾರ್ಮಲ್" ಅಂತ ಒಂದೇ ಪದ ಬರೆದು ಕೊಟ್ಟರು, ಸಂಖ್ಯೆಗಳ ಪಟ್ಟಿಯೇ ಇರಲಿಲ್ಲ. ನರದ ತೊಂದರೆ ಏನಿಲ್ಲ, ಅಶಕ್ತಿ, ಮನೆಗೆ ಕರೆದುಕೊಂಡು ಹೋಗಿ ಅಂದರು. ನನಗೆ ಇವತ್ತಿಗೂ ಆ ಮಾತಿಗೆ ಸಿಟ್ಟು ಬರುತ್ತದೆ. ಸಂಜೆ ಹೊತ್ತಿಗೆ ಕೈಯೂ ಸೋತಿತು.

ಎರಡನೇ ಕಡೆ ಡಾಕ್ಟರ್ ಮಂಡಿಗೆ ಸುತ್ತಿಗೆಯಿಂದ ಬಡಿದು ನೋಡಿದರು, ಕಾಲು ಅಲುಗಲೇ ಇಲ್ಲ. ಗೀಯಾನ್ ಬಾರೇ ಅನ್ನುವ ನರಗಳ ಕಾಯಿಲೆ ಇರಬೇಕು, ಮೊದಲ ವಾರದಲ್ಲಿ ಈ ಟೆಸ್ಟ್ ನಾರ್ಮಲ್ ಬರಬಹುದು, ಅದಕ್ಕೋಸ್ಕರ ಕಾಯುತ್ತ ಕೂರಬಾರದು ಅಂತ ಹೇಳಿ ದಾಖಲು ಮಾಡಿಕೊಂಡರು. ಬೆನ್ನಿನಿಂದ ನೀರು ತೆಗೆದು ನೋಡಿದರು, ಇಮ್ಯುನೊಗ್ಲೋಬ್ಯುಲಿನ್ ಅನ್ನುವ ಔಷಧಿ ಶುರು ಮಾಡಿದರು, ಉಸಿರಾಟದ ಮೇಲೆ ಕಣ್ಣಿಟ್ಟರು. ಮುಂದೆ ಎನ್‌ಸಿವಿ ಮತ್ತೆ ಮಾಡಿದಾಗ ವೇಗ ಬಹಳ ಇಳಿದಿದ್ದು ಕಾಣಿಸಿತು. ಕಾಕಾ ಈಗ ಓಡಾಡುತ್ತಾರೆ.

ಹಾಗಾಗಿ ಯಾರೇ ಆಗಲಿ, ಕೈಕಾಲು ದಿನದಿಂದ ದಿನಕ್ಕೆ ಸೋಲುತ್ತಿದ್ದರೆ ನಾರ್ಮಲ್ ರಿಪೋರ್ಟ್ ಹಿಡಿದು ಮನೆಗೆ ಬರಬೇಡಿ.

ಗುಮ್ಮಟದ ಊರಾಕಿ (ವಿಜಯಪುರ)

ನನ್ನದು ಕೈ ಜೋಮಿನ ವಿಷಯ ಅಲ್ಲ, ಆದರೂ ಇಲ್ಲೇ ಕೇಳುತ್ತೇನೆ, ತಪ್ಪು ತಿಳೀಬೇಡಿ. ನನ್ನ ಮಗನಿಗೆ 8 ವರ್ಷ. ಎರಡು ಸಲ ರಾತ್ರಿ ನಿದ್ದೆಯಲ್ಲಿ ಬಾಯಿ ಒಂದು ಕಡೆ ಸೊಟ್ಟ ಆಗಿ ಎಳೆಯಿತು, ಜೊಲ್ಲು ಸುರಿಯಿತು, ಎಚ್ಚರ ಇದ್ದಂತೆ ನೋಡುತ್ತಿದ್ದ ಆದರೆ ಮಾತು ಹೊರಡಲಿಲ್ಲ. ಒಂದೆರಡು ನಿಮಿಷ ಅಷ್ಟೇ. ಬೆಳಿಗ್ಗೆ ಎದ್ದು ಏನೂ ಆಗಿಲ್ಲದವರ ಹಾಗೆ ಶಾಲೆಗೆ ಹೋದ.

ಮಿದುಳಿನ ಟೆಸ್ಟ್ ಇಇಜಿ ಮಾಡಿಸಿದೆವು, ಮಧ್ಯಾಹ್ನ, ಎಚ್ಚರ ಇದ್ದಾಗಲೇ. ನಾರ್ಮಲ್ ಬಂತು. ಈಗ ಅತ್ತೆ ಮಾವ ಇಬ್ಬರೂ, ಫಿಟ್ಸ್ ಅಲ್ಲವೇ ಅಲ್ಲ, ದೃಷ್ಟಿ ತಾಗಿದೆ, ತಾಯತ ಕಟ್ಟಿಸೋಣ ಅಂತಿದ್ದಾರೆ. ಇನ್ನು ಕೆಲವರು ಇಇಜಿ ಅಂದರೆ ತಲೆಗೆ ಕರೆಂಟ್ ಕೊಡುವುದು, ಮಗುವಿಗೆ ಮತ್ತೆ ಮಾಡಿಸಬೇಡ, ಬುದ್ಧಿ ಮಂದ ಆಗುತ್ತದೆ ಅಂತಾರೆ. ಡಾಕ್ಟರ್ ನಿದ್ದೆಯಲ್ಲಿ ಇನ್ನೊಂದು ಸಲ ಇಇಜಿ ಬೇಕು ಅಂದಿದ್ದಾರೆ. ಯಾರ ಮಾತು ಕೇಳಲಿ?

ನರವೈದ್ಯೆ (ಬಾಗಲಕೋಟೆ)

ಇಬ್ಬರಿಗೂ ಉತ್ತರ ಬರೆಯುತ್ತೇನೆ. ಮೊದಲು ವಿಜಯಪುರದ ತಂಗಿಗೆ, ಮಗುವಿನ ವಿಷಯ ಅಂತ.

ಡಾಕ್ಟರ್ ಮಾತು ಕೇಳಮ್ಮ. ಇಇಜಿಯಲ್ಲಿ ತಲೆಗೆ ಕರೆಂಟ್ ಕೊಡುವುದೇ ಇಲ್ಲ. ಮಿದುಳು ತಾನಾಗಿ ಹೊರಸೂಸುವ ವಿದ್ಯುತ್ತನ್ನು ಚರ್ಮದ ಮೇಲಿಂದ ದಾಖಲಿಸುತ್ತದೆ, ಅಷ್ಟೇ. ಅದು ಎಷ್ಟು ಚಿಕ್ಕದು ಅಂದರೆ ಸಾಮಾನ್ಯವಾಗಿ 10ರಿಂದ 100 ಮೈಕ್ರೋವೋಲ್ಟ್, ಅಂದರೆ ಒಂದು ವೋಲ್ಟನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ನೂರು ಪಾಲು ಕೂಡ ದಾಟುವುದಿಲ್ಲ. 1924ರಲ್ಲಿ ಜರ್ಮನಿಯ ಯೇನಾದಲ್ಲಿ ಹಾನ್ಸ್ ಬರ್ಗರ್ ಅನ್ನುವ ಮನೋವೈದ್ಯರು ಮೊದಲ ಸಲ ಮನುಷ್ಯರಲ್ಲಿ ಇದನ್ನು ದಾಖಲಿಸಿದರು. ತಾವು ನೋಡಿದ್ದು ನಿಜವೇ ಅಂತ ಮತ್ತೆ ಮತ್ತೆ ಪರೀಕ್ಷಿಸಿ 1929ರಲ್ಲಿ ಪ್ರಕಟಿಸಿದರು. ಮಾನಸಿಕ ಕಾಯಿಲೆಗೆ ಕೊಡುವ ಶಾಕ್ ಚಿಕಿತ್ಸೆಗೂ ಇದಕ್ಕೂ ಸಂಬಂಧವೇ ಇಲ್ಲ. ಮಗುವಿನ ಬುದ್ಧಿಗೆ ಏನೂ ಆಗುವುದಿಲ್ಲ.

ಇನ್ನು "ನಾರ್ಮಲ್" ಅನ್ನುವ ಮಾತು. ಸಾಮಾನ್ಯ ಇಇಜಿ ಅರ್ಧ ಗಂಟೆ ಹೊತ್ತಿನ ದಾಖಲೆ. ಮೂರ್ಛೆ ರೋಗ (ಫಿಟ್ಸ್) ಇರುವವರಲ್ಲೂ ಆ ಅರ್ಧ ಗಂಟೆಯಲ್ಲಿ ಗುರುತು ಕಾಣಲೇಬೇಕು ಅಂತೇನಿಲ್ಲ. ಮೊದಲ ಇಇಜಿಯಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಮಾತ್ರ ಸಿಗುತ್ತದೆ. ಅದಕ್ಕೇ ಮತ್ತೆ ಮಾಡುವುದು, ನಿದ್ದೆಗೆಡಿಸಿ ಮಾಡುವುದು. ನೀವು ಬರೆದ ಲಕ್ಷಣಗಳನ್ನು ನೋಡಿದರೆ, ಈ ವಯಸ್ಸಿನ ಮಕ್ಕಳಲ್ಲಿ ಬರುವ ಒಂದು ಬಗೆಯ ಮೂರ್ಛೆ ನೆನಪಿಗೆ ಬರುತ್ತದೆ. ಅದರಲ್ಲಿ ಕಿವಿಯ ಮೇಲ್ಭಾಗದಿಂದ ನಡುನೆತ್ತಿಯ ಕಡೆಗೆ ಇರುವ ಜಾಗದಲ್ಲಿ ಚೂಪಾದ ಅಲೆಗಳು ಏಳುತ್ತವೆ. ಎಚ್ಚರ ಇದ್ದಾಗ ಒಂದೂ ಕಾಣದೆ ಇರಬಹುದು, ಮಗು ತೂಕಡಿಸಿ ನಿದ್ದೆಗೆ ಜಾರಿದ ಕೂಡಲೇ ಸಾಲುಸಾಲಾಗಿ ಬರುತ್ತವೆ. ಈ ಬಗೆ ಆಗಿದ್ದರೆ ಬಹುತೇಕ ಮಕ್ಕಳಿಗೆ ಹದಿನೈದು ಹದಿನಾರು ವರ್ಷದ ಹೊತ್ತಿಗೆ ತಾನಾಗಿ ನಿಂತುಹೋಗುತ್ತದೆ. ನಿಮ್ಮ ಮಗನಿಗೆ ಇದೇ ಅಂತ ನಾನು ಇಲ್ಲಿಂದ ಹೇಳಲಾರೆ. ನಿದ್ದೆಯ ಇಇಜಿ ಯಾಕೆ ಕೇಳಿದರು ಅನ್ನುವುದು ಮಾತ್ರ ನನಗೆ ಸ್ಪಷ್ಟವಾಗಿದೆ.

ಇದಕ್ಕೆ ಉಲ್ಟಾ ಕೂಡ ನಿಜ. ಒಂದು ಸಲವೂ ಫಿಟ್ಸ್ ಬರದ ಕೆಲವು ಮಕ್ಕಳ ಇಇಜಿಯಲ್ಲೂ ಇಂಥ ಅಲೆ ಕಾಣುತ್ತದೆ. ಕಾಗದ ನೋಡಿ ಔಷಧಿ ಕೊಡುವುದಲ್ಲ, ಮಗುವನ್ನು ನೋಡಿ ಕೊಡುವುದು. ಅದಕ್ಕೇ ಮುಂದಿನ ಸಲ ಹಾಗಾದರೆ ಮಗುವನ್ನು ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಕೈಗೆ ಕಬ್ಬಿಣ ಕೊಡುವುದು, ಮೂಗಿಗೆ ಉಳ್ಳಾಗಡ್ಡಿ ಹಿಡಿಯುವುದು ಬೇಡ. ಮನೆಯಲ್ಲಿ ಇನ್ನೊಬ್ಬರು ಮೊಬೈಲಿನಲ್ಲಿ ವಿಡಿಯೊ ಮಾಡಲಿ. ಆ ಒಂದು ನಿಮಿಷದ ವಿಡಿಯೊ ನನಗೆ ಎಷ್ಟೋ ಸಲ ಇಇಜಿಗಿಂತ ಜಾಸ್ತಿ ಹೇಳಿದೆ. ಐದು ನಿಮಿಷ ಕಳೆದರೂ ನಿಲ್ಲದಿದ್ದರೆ ಸೀದಾ ಆಸ್ಪತ್ರೆಗೆ. ತಲೆಗೆ ಬಿಸಿನೀರು ಸುರಿದುಕೊಂಡಾಗ ಹೀಗಾಗುತ್ತದೆಯೇ ಅನ್ನುವುದನ್ನೂ ಗಮನಿಸಿ, ನಮ್ಮ ಕರ್ನಾಟಕದಲ್ಲಿ ಬಿಸಿನೀರಿನ ಮೂರ್ಛೆ ಅಪರೂಪವಲ್ಲ. ಅಂಥವರಲ್ಲಿ ಬಹಳ ಜನರ ಇಇಜಿ ನಾರ್ಮಲ್ ಆಗಿಯೇ ಇರುತ್ತದೆ.

ಈಗ ಇಳಕಲ್ಲಿನವರಿಗೆ. ಟೆಕ್ನಿಷಿಯನ್ ಹೇಳಿದ್ದೆಲ್ಲ ಸರಿ. ರಾತ್ರಿ ಜೋಮು, ಕೈ ಝಾಡಿಸಿದರೆ ಹಗುರ, ಎಳೆ ಹಿಡಿಯಲಾಗದು, ಇದೆಲ್ಲ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಾಗ ಬರುವ ಲಕ್ಷಣ. ಕುತ್ತಿಗೆಯಲ್ಲಿ ಒತ್ತಿದರೂ ಹತ್ತಿರ ಹತ್ತಿರ ಹೀಗೇ ಅನಿಸಬಹುದು. ಎರಡನ್ನೂ ಬೇರೆ ಮಾಡುವುದರಲ್ಲಿ ಈ ಟೆಸ್ಟಿಗೆ ಸಮ ಇಲ್ಲ. ಕಾರಣ ಕೇಳಿ. ಸ್ಪರ್ಶದ ನರಕೋಶಗಳ ಗಂಟು ಬೆನ್ನುಹುರಿಯಿಂದ ಆಚೆ ಇರುತ್ತದೆ. ಡಿಸ್ಕ್ ಒತ್ತುವುದು ಆ ಗಂಟಿಗಿಂತ ಒಳಗಡೆ. ಹಾಗಾಗಿ ಗಂಟಿನಿಂದ ಬೆರಳಿನವರೆಗಿನ ನರ ಸಾಯುವುದಿಲ್ಲ, ಬೆರಳು ಜೋಮು ಹಿಡಿದಿದ್ದರೂ ಸ್ಪರ್ಶದ ಎನ್‌ಸಿವಿ ಸರಿಯಾಗಿಯೇ ಬರುತ್ತದೆ. ಮಣಿಕಟ್ಟಿನಲ್ಲಿ ಒತ್ತಿದ್ದರೆ ಅಲ್ಲೇ ವೇಗ ಕುಸಿಯುತ್ತದೆ. ಕುತ್ತಿಗೆಯ ತೊಂದರೆಯನ್ನು ಹಿಡಿಯುವುದು ಸೂಜಿ ಇಎಂಜಿ. ಅದೂ ನರಕ್ಕೆ ಪೆಟ್ಟಾಗಿ ಎರಡು ಮೂರು ವಾರ ಕಳೆದ ಮೇಲೆ ಸ್ಪಷ್ಟವಾಗುತ್ತದೆ. ನಿಮ್ಮ ತಾಯಿಯವರಿಗೆ ವರ್ಷವೇ ಆಗಿದೆ, ಆ ಚಿಂತೆ ಇಲ್ಲ. ಎರಡೂ ಕೈ ಮಾಡಿಸಿ. ಸಕ್ಕರೆ ಇರುವುದರಿಂದ ಕಾಲಿನ ಒಂದೆರಡು ನರವನ್ನೂ ನೋಡಲು ಹೇಳಿ.

ನರದ ಜಾಡು (ಬೆಳಗಾವಿ)

ವಿಜಯಪುರದ ಅಕ್ಕಾ, ನಿದ್ದೆಯ ಇಇಜಿಗೆ ಬರುವಾಗ ಹಿಂದಿನ ದಿನ ಮಗುವಿಗೆ ತಲೆಸ್ನಾನ ಮಾಡಿಸಿ, ಎಣ್ಣೆ ಹಚ್ಚಬೇಡಿ. ಎಣ್ಣೆ ಇದ್ದರೆ ಎಲೆಕ್ಟ್ರೋಡ್ ಹಿಡಿಯುವುದಿಲ್ಲ, ಅಲೆಗಳ ನಡುವೆ ಕಸ ತುಂಬಿಕೊಳ್ಳುತ್ತದೆ. ರಾತ್ರಿ ತಡವಾಗಿ ಮಲಗಿಸಿ, ಬೆಳಿಗ್ಗೆ ಬೇಗ ಎಬ್ಬಿಸಿ, ಎಷ್ಟು ಹೊತ್ತು ಅಂತ ನಿಮ್ಮ ಲ್ಯಾಬಿನವರನ್ನೇ ಕೇಳಿ. ಬರುವಾಗ ಬಸ್ಸಿನಲ್ಲಿ ಮಲಗಲು ಬಿಡಬೇಡಿ, ಎಷ್ಟೋ ಮಕ್ಕಳು ದಾರಿಯಲ್ಲೇ ನಿದ್ದೆ ಮುಗಿಸಿಕೊಂಡು ಬರುತ್ತಾರೆ! ಗುಳಿಗೆ ನಡೆಯುತ್ತಿದ್ದರೆ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ.

ಅಳತೆ ಟೇಪ್ ಹಿಡಿದು ತಲೆಯ ಮೇಲೆ ಗುರುತು ಹಾಕಿ, ಕಿವಿಯದ್ದೂ ಸೇರಿ 21 ಎಲೆಕ್ಟ್ರೋಡ್ ಪೇಸ್ಟ್ ಹಾಕಿ ಅಂಟಿಸುತ್ತೇವೆ. ಕಣ್ಣು ಮುಚ್ಚಿ ತೆರೆ ಅಂತೀವಿ, ಮೂರು ನಿಮಿಷ ಜೋರಾಗಿ ಉಸಿರಾಡಿಸುತ್ತೇವೆ, ಮಿನುಗುವ ದೀಪ ತೋರಿಸುತ್ತೇವೆ. ನೋವಿಲ್ಲ. ಪೇಸ್ಟ್ ಮನೆಗೆ ಹೋಗಿ ತೊಳೆದರೆ ಹೋಗುತ್ತದೆ. ಮಗು ಹೊದ್ದು ಮಲಗುವ ದುಪ್ಪಟಿಯನ್ನೇ ತನ್ನಿ, ಹೊಸ ಜಾಗದಲ್ಲಿ ಬೇಗ ನಿದ್ದೆ ಬರುತ್ತದೆ.

ಮಗ್ಗದ ಮನೆ (ಇಳಕಲ್)

ಎಲ್ಲರಿಗೂ ಬಹಳ ಉಪಕಾರ ಆಯಿತು ರೀ. ಅವ್ವಗೆ ಇದೆಲ್ಲ ಓದಿ ಹೇಳಿದೆ. ಸೂಜಿಯಿಂದ ಕರೆಂಟ್ ಬರುವುದಿಲ್ಲ ಅಂದ ಮೇಲೆ ಹ್ಞೂಂ ಅಂದಳು. ಟೆಸ್ಟ್ ಆಯಿತು. ಶಾಕ್ ತಡೆದುಕೊಂಡಳು, ಹೆಬ್ಬೆರಳಿನ ಬುಡಕ್ಕೆ ಸೂಜಿ ಹಾಕಿದಾಗ ಮಾತ್ರ ಕಣ್ಣಲ್ಲಿ ನೀರು ಬಂತು. ತಜ್ಞರ ಭೇಟಿ ಸೋಮವಾರಕ್ಕೆ ಇದೆ. ರಿಪೋರ್ಟ್‌ನಲ್ಲಿ ಇರುವುದು ಹೀಗೆ, ಹೆಸರು ತೆಗೆದು ಬರೆಯುತ್ತಿದ್ದೇನೆ:

ಬಲಗೈ ಮೀಡಿಯನ್ ನರ (ಹೆಬ್ಬೆರಳು, ತೋರುಬೆರಳಿನ ಕಡೆಯದು): ಮಣಿಕಟ್ಟಿನಿಂದ 6.1 ಮಿಲಿಸೆಕೆಂಡ್, ಮೊಣಕೈಯಿಂದ 10.3, ನಡುವಿನ ದೂರ 220 ಮಿಲಿಮೀಟರ್. ಎಡಗೈ ಮಣಿಕಟ್ಟಿನಿಂದ 4.9. ಬಲಗೈ ಅಲ್ನಾರ್ ನರ (ಕಿರುಬೆರಳಿನ ಕಡೆಯದು) ಮಣಿಕಟ್ಟಿನಿಂದ 2.7. ಬಲ ತೋರುಬೆರಳಿನ ಸ್ಪರ್ಶದ ವೇಗ ಸೆಕೆಂಡಿಗೆ 34 ಮೀಟರ್, ಕಿರುಬೆರಳಿನದು 55. ಕಾಲಿನ ನರಗಳು ಸರಿ ಇವೆ. ಸೂಜಿ ಇಎಂಜಿಯಲ್ಲಿ ತೋಳು, ಕುತ್ತಿಗೆಯ ಸ್ನಾಯುಗಳು ಸರಿ ಇವೆ, ಹೆಬ್ಬೆರಳಿನ ಬುಡದಲ್ಲೂ ನರ ಸತ್ತ ಗುರುತು ಇಲ್ಲ ಅಂತ ಬರೆದಿದ್ದಾರೆ.

ಇದರ ಅರ್ಥ ಏನು? ಅವ್ವ ಕೇಳುವುದು ಒಂದೇ, ಮತ್ತೆ ಮಗ್ಗಕ್ಕೆ ಕೂರಬಹುದಾ?

ನರವೈದ್ಯೆ (ಬಾಗಲಕೋಟೆ)

ಒಳ್ಳೆಯ ರಿಪೋರ್ಟ್. ಸಂಖ್ಯೆ, ದೂರ ಎಲ್ಲ ಬರೆದಿದ್ದಾರೆ, ಹೀಗೇ ಇರಬೇಕು. ಲೆಕ್ಕ ನೀವೇ ಮಾಡಿ ನೋಡಿ. 10.3ರಲ್ಲಿ 6.1 ಕಳೆದರೆ 4.2 ಮಿಲಿಸೆಕೆಂಡ್. ಅಷ್ಟರಲ್ಲಿ ಸಂದೇಶ 220 ಮಿಲಿಮೀಟರ್ ಹೋಗಿದೆ, ಅಂದರೆ ಸೆಕೆಂಡಿಗೆ ಸುಮಾರು 52 ಮೀಟರ್. ಮೊಣಕೈಯಿಂದ ಮಣಿಕಟ್ಟಿನವರೆಗೆ ನರ ಸರಿಯಾಗಿ ಓಡುತ್ತಿದೆ. ಮಣಿಕಟ್ಟಿನಿಂದ ಹೆಬ್ಬೆರಳಿಗೆ ಇರುವುದು ಕೆಲವೇ ಸೆಂಟಿಮೀಟರ್, ಅಲ್ಲಿ ಮಾತ್ರ 6.1 ಮಿಲಿಸೆಕೆಂಡ್ ಹಿಡಿದಿದೆ. ನಾಲ್ಕು ಚಿಲ್ಲರೆಯೊಳಗೆ ಮುಗಿಯಬೇಕಿತ್ತು. ಅದೇ ಕೈಯ ಅಲ್ನಾರ್ ನರ 2.7ರಲ್ಲಿ ಮುಟ್ಟಿದೆ, ಅಂದರೆ ಕೈ ತಣ್ಣಗಿದ್ದು ಹೀಗಾಗಿದ್ದಲ್ಲ. ತೋರುಬೆರಳು 34, ಕಿರುಬೆರಳು 55, ಇದೂ ಅದನ್ನೇ ಹೇಳುತ್ತದೆ. ಒತ್ತಡ ಇರುವುದು ಮಣಿಕಟ್ಟಿನ ಸುರಂಗದಲ್ಲಿ, ಅಂದರೆ ಮೀಡಿಯನ್ ನರ ಅಂಗೈಗೆ ಹಾದುಹೋಗುವ ಇಕ್ಕಟ್ಟಾದ ದಾರಿಯಲ್ಲಿ. ಎಡಗೈಯಲ್ಲೂ ಇದೆ, ಆದರೆ ಕಡಿಮೆ.

ಕುತ್ತಿಗೆಯ ನರ ಒತ್ತಿಕೊಂಡ ಗುರುತು ಇಎಂಜಿಯಲ್ಲಿ ಸಿಕ್ಕಿಲ್ಲ. ಇಎಂಜಿ ಒಂದರಿಂದಲೇ ಕುತ್ತಿಗೆ ಪೂರ್ತಿ ನಿರಪರಾಧಿ ಅನ್ನಲಾಗದು. ಆದರೆ ಲಕ್ಷಣ, ಪರೀಕ್ಷೆ, ಸಂಖ್ಯೆ ಮೂರೂ ಒಂದೇ ಕಡೆ ಬೆರಳು ತೋರಿಸುತ್ತಿರುವಾಗ ಕೈ ಜೋಮಿಗೋಸ್ಕರ ಕುತ್ತಿಗೆ ಆಪರೇಷನ್ ಅಂದರೆ ನಾನು ಒಪ್ಪುವುದಿಲ್ಲ. ಸೋಮವಾರ ನಿಮ್ಮ ತಜ್ಞರಿಗೆ ಇದನ್ನು ನೇರವಾಗಿ ಕೇಳಿ. ಕಾಲಿನ ನರ ಸರಿ ಇವೆ ಅಂದರೆ ಸಕ್ಕರೆಯಿಂದ ದೊಡ್ಡ ನರಗಳಿಗೆ ಇನ್ನೂ ಪೆಟ್ಟಾಗಿಲ್ಲ ಅಂತ. ಸಣ್ಣ ನರಗಳ ತೊಂದರೆ ಈ ಟೆಸ್ಟಿನಲ್ಲಿ ಕಾಣುವುದಿಲ್ಲ, ಆದ್ದರಿಂದ ಅಂಗಾಲು ಉರಿ ಇದ್ದರೆ ಅದನ್ನು ಬೇರೆಯಾಗಿ ಹೇಳಿ. ಥೈರಾಯ್ಡ್ ರಕ್ತಪರೀಕ್ಷೆ ಆಗಿಲ್ಲದಿದ್ದರೆ ಮಾಡಿಸಿ, ಅದು ಕಡಿಮೆ ಇದ್ದರೂ ಮಣಿಕಟ್ಟಿನಲ್ಲಿ ಹೀಗಾಗುತ್ತದೆ.

ಮಗ್ಗದ ವಿಷಯ. ಹೆಬ್ಬೆರಳಿನ ಬುಡದ ಸ್ನಾಯುವಿನಲ್ಲಿ ನರ ಸತ್ತ ಗುರುತು ಇಲ್ಲ ಅನ್ನುವುದು ನಿಮಗೆ ಸಿಕ್ಕ ಬಹಳ ಒಳ್ಳೆಯ ಸುದ್ದಿ. ಸಮಯ ಇದೆ. ರಾತ್ರಿ ಮಣಿಕಟ್ಟು ಮಡಚದಂತೆ ನೇರ ಹಿಡಿಯುವ ಪಟ್ಟಿ ಕಟ್ಟಿ ಮಲಗುವುದರಿಂದ ಶುರು ಮಾಡುತ್ತಾರೆ, ಬೇಕಾದರೆ ಅಲ್ಲಿಗೆ ಸ್ಟಿರಾಯ್ಡ್ ಇಂಜೆಕ್ಷನ್, ಅದಕ್ಕೂ ಬಗ್ಗದಿದ್ದರೆ ಮಣಿಕಟ್ಟಿನ ಸಣ್ಣ ಆಪರೇಷನ್. ಇಂಜೆಕ್ಷನ್ ಕೊಟ್ಟರೆ ಕೆಲವು ದಿನ ಸಕ್ಕರೆ ಏರಬಹುದು, ಸಕ್ಕರೆ ಇದೆ ಅಂತ ಮೊದಲೇ ನೆನಪಿಸಿ. ಮಗ್ಗ ಪೂರ್ತಿ ಬಿಡಿ ಅಂತ ನಾನು ಹೇಳಲ್ಲ, ಅವರ ಬದುಕೇ ಅದು. ಒಂದೇ ಸಮನೆ ಕೂರುವುದು ಬೇಡ, ನಡುನಡುವೆ ಎದ್ದು ಕೈ ಬಿಡಿಸಲಿ. ರೊಟ್ಟಿ ಬಡಿಯುವ ಕೆಲಸವನ್ನು ಸದ್ಯಕ್ಕೆ ಮನೆಯ ಉಳಿದವರು ಹಂಚಿಕೊಳ್ಳಿ, ನೀವೂ ಸೇರಿ. ಹೆಬ್ಬೆರಳಿನ ಬುಡ ತೆಳುವಾಗುತ್ತಿದೆ ಅನಿಸಿದರೆ ಅಥವಾ ಲೋಟ, ತಾಟು ಕೈಯಿಂದ ಜಾರಲು ಶುರುವಾದರೆ ಮುಂದಿನ ಭೇಟಿಯವರೆಗೆ ಕಾಯದೆ ಹೋಗಿ ತೋರಿಸಿ.